ಹಿಂದಿನವರ ಖಾರ

ಶ್ರೀರಾಮಪುರದಲ್ಲಿ ನನ್ನ ರೂಮಿನ ಕೆಳಗೆ
ಗಂಗಹನುಮಯ್ಯನ ಹಿಟ್ಟಿನ ಗಿರಣಿ.
ಒಣಮೆಣಸಿನಕಾಯಿ ಬೀಸಿದ ದಿನ
ಮೆಟ್ಟಿಲ ತುದಿಯವರೆಗೂ ಸೀನು.
ಆಮೇಲೆ ರಾಗಿ ತಂದವರಿಗೆ ಆತ ಹೇಳುತ್ತಾನೆ:
‘ತಡೀರಿ. ಮೊದಲ ಹಿಡಿ ನಿಮ್ಮದಲ್ಲ.’
ಒಂದು ಬೊಗಸೆ ನುಚ್ಚಕ್ಕಿ ಸುರಿದು
ಕಲ್ಲಿನ ಬಾಯಿ ಮುಕ್ಕಳಿಸಿದಂತೆ ಓಡಿಸಿ
ಬಂದದ್ದನ್ನು ಬದಿಗಿಟ್ಟು
ಆಮೇಲೇ ನಿಮ್ಮ ಡಬ್ಬಕ್ಕೆ ಕೈಹಾಕುತ್ತಾನೆ.

ಮೇಲೆ ನನ್ನದೂ ಹೆಚ್ಚುಕಮ್ಮಿ ಅದೇ ಕಸುಬು.
ಸೀಲು ಹಾಕಿದ ಪ್ಯಾಕೇಜು ಇದೆ, ಊರೆಲ್ಲ ಉಣ್ಣುತ್ತದೆ;
ಮೂಲವೂ ಇದೆ, ಯಾರು ಬೇಕಾದರೂ ಓದಬಹುದು.
ಈ ಕಾಳಿನಿಂದಲೇ ಆ ಹಿಟ್ಟು ಬಂತೆ?
ನಡುವೆ ಯಾರದಾದರೂ ಕೈವಾಡ?
ಕೇಳಿದರೆ ‘ನಂಬಿ’ ಅನ್ನುತ್ತಾರೆ.
ನಾನು ನಂಬದೆ, ಬೈಯದೆ,
ಮೂಲದಿಂದ ಇನ್ನೊಮ್ಮೆ ಬೀಸುತ್ತೇನೆ.

ಅಡುಗೆಯಲ್ಲಾದರೆ ಕೈಗುಣ ಹೊಗಳುತ್ತೇವೆ.
ಅದೇ ಬೇಳೆ, ಅದೇ ಹುಣಸೆ, ನಮ್ಮತ್ತೆಯ ಸಾರೇ ಬೇರೆ.
ಇಲ್ಲಿ ಕೈಗುಣವೆಂದರೆ ಗುಮಾನಿ.
ನಾನು ಮಾಡಿದ್ದು, ಲಿಂಗರಾಜಪುರದ ಫಿಲೋಮಿನ ಮಾಡಿದ್ದು,
ಹೆಸರು ಗೊತ್ತಿಲ್ಲದ ಊರಲ್ಲಿ ಮೊದಲು ಮಾಡಿದವರದು
ಕೂದಲೆಳೆಯಷ್ಟೂ ಬೇರೆಯಾಗಕೂಡದು.
ಮುಗಿಯುವವರೆಗೆ ಮಾತಾಡಬಾರದೆಂದು ನಮ್ಮಿಬ್ಬರ ಕರಾರು.
ಇಣುಕಿ ಬರೆದ ಉತ್ತರವನ್ನು
ಸಾಕ್ಷಿ ಅನ್ನಲು ಬರುವುದಿಲ್ಲ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನು.
ಪ್ಯಾಕೇಜಿನ ಬೆರಳಚ್ಚು, ಅರವತ್ತನಾಲ್ಕು ಅಕ್ಷರ,
ಅವಳು ಓದಬೇಕು, ನಾನು ಕೇಳಬೇಕು.
‘ಒಂಬತ್ತು, ಸಿ, ನಾಲ್ಕು, ನಾಲ್ಕು...
ತಡಿ, ರೈಲು ಹೋಗಲಿ.’
ಅವಳ ಮನೆ ಹಿಂದೆ ಗೂಡ್ಸು ಗಾಡಿ, ಮುಗಿಯಲೇ ಇಲ್ಲ.
ಮುಗಿದು ಆಗಬೇಕಾದ್ದೂ ಏನಿರಲಿಲ್ಲ:
ನನ್ನದು ಏಳರಿಂದ ಶುರು.
ಒಂದು ಚುಕ್ಕೆ ಸರಿದರೂ ಬೆರಳಚ್ಚು ಪೂರಾ ಬೇರೆ,
‘ಹತ್ತಿರ ಬಂದಿದೆ’ ಎಂಬ ಮಾತೇ ಇಲ್ಲ ಇದರಲ್ಲಿ.
ಅವಳದು ಮೂಲದವರಿಗೆ ಹೊಂದಿತ್ತು.

ಎಸ್.ಪಿ. ರೋಡಿನಿಂದ ತಂದ ಹಳೇ ಡಿಸ್ಕಿನ ಮೇಲೆ ಕಣ್ಣು ಬಿತ್ತು.
ಗಡಿಯಾರವೇ? ಅದಕ್ಕೆ ಮೊದಲೇ ಮೊಳೆ ಹೊಡೆದಿದ್ದೆವು,
ಎಲ್ಲರ ಯಂತ್ರಕ್ಕೂ ಒಂದೇ ದಿನಾಂಕ, ಒಂದೇ ಗಳಿಗೆ.
ಎರಡೂ ಕಡತ ಪಕ್ಕಪಕ್ಕ ಹರವಿ
ಬೈಟು ಬೈಟಾಗಿ ಇಳಿದೆ, ಹೇನು ನೋಡುವ ಹಾಗೆ.

ಎರಡು ಗಂಟೆಗೆ ಸಿಕ್ಕಿತು.
ಅವರಲ್ಲಿ ಏಳು ಬೈಟು ಇರುವಲ್ಲಿ
ನನ್ನಲ್ಲಿ ಇಪ್ಪತ್ತೊಂದು.
ಇ ಸೊನ್ನೆ, ಬಿ ಎರಡು, ಎ ಇ.
ಇ ಸೊನ್ನೆ, ಬಿ ಎರಡು, ಎಂಟು ಎರಡು.
ಏಳು ಸಲ ಅದೇ ಬಡಿತ, ಮೂರು ಮೂರರ ಗಣ.
ಕಳ್ಳನ ಗುರುತೇ ಇರಬೇಕೆಂದು
ಉಸಿರು ಹಿಡಿದು ಬಿಡಿಸಿದರೆ:
ಮ. ಸೊನ್ನೆ. ಗ. ಳ.

ಮಂಗಳವಾರ.

ಮೂರು ವರ್ಷದ ಹಿಂದೆ ಹಟಕ್ಕೆ ಬಿದ್ದು
ಯಂತ್ರಕ್ಕೆ ಕನ್ನಡ ಹಾಕಿದ್ದೆ. ಮರೆತಿದ್ದೆ.
ಬೀಸುವ ವಿಧಿಯಲ್ಲಿ ಯಾರೋ ಬರೆದಿಟ್ಟಿದ್ದರು:
ಈ ದಿನ ಯಾವ ವಾರ, ಕೇಳಿ ಒಳಗಿಡು.
ಕೇಳಿತು. ನನ್ನ ಯಂತ್ರ
ತನಗೆ ಬಂದ ಭಾಷೆಯಲ್ಲಿ ಹೇಳಿತು.
ಹಿಂದಿನವರ ಖಾರ ಹುಡುಕುತ್ತ ಹೊರಟವಳ
ಉಗುರಲ್ಲೇ ಮೆಣಸಿನ ಪುಡಿ.

‘ಇಂಗ್ಲಿಷಿಗೆ ತಿರುಗಿಸಿಬಿಡೇ, ಹೊಂದುತ್ತೆ’ ಅಂದಳು ಫಿಲೋಮಿನ.
ಹೊಂದುತ್ತಿತ್ತು, ನಿಜ.
ನಾಳೆ ಇನ್ನೊಬ್ಬಳು ಇನ್ನೊಂದು ಭಾಷೆಯ
ಮಂಗಳವಾರ ಹಿಡಿದು ಬರುತ್ತಾಳೆ,
ಅವಳೂ ಎರಡು ಗಂಟೆವರೆಗೆ ಕೂರಬೇಕೆ?
ವಿಧಿ ಬರೆದವರಿಗೆ ಒಂದೇ ಸಾಲು ಕಳಿಸಿದೆ:
ವಾರ ಕೇಳಬೇಡಿ.

ಒಂಬತ್ತು ದಿನದ ಮೇಲೆ ಒಪ್ಪಿದರು. ಸರಿ ಅಂದರು, ಅಷ್ಟೆ.
ಹೊಸದಾಗಿ ಬೀಸಿದೆವು, ಅವಳಲ್ಲಿ, ನಾನಿಲ್ಲಿ.
ಯಂತ್ರ ಕನ್ನಡದಲ್ಲೇ ಇತ್ತು.
ಬೆಳಿಗ್ಗೆ ಎಂಟಕ್ಕೆ ಫೋನು.
‘ಎರಡು, ಎಫ್, ಎಂಟು, ಎಂಟು...’
ಟೀ ಆರುತ್ತಿದೆ. ಅರವತ್ತು, ಅರವತ್ತೊಂದು,
ಅರವತ್ತಮೂರರವರೆಗೂ ಹೊಂದಿತು.
ಅಷ್ಟರಲ್ಲಿ ಕೆಳಗೆ ಗಿರಣಿಯ ಬೆಲ್ಟು ಕೂಗಿತು.
ಬಿ ಅಂದಳೋ ಡಿ ಅಂದಳೋ.
ಊಹಿಸಬಹುದಿತ್ತು.

‘ತಡಿ,’ ಅಂದೆ,
‘ಮೊದಲ ಹಿಡಿ ಹೋಗಲಿ.’