ಗಳಿಗಿ

ಮಾಲಕರು ಹೊಸಾದು ತಗೊಂಡ್ರು,
ಹಳೇದು ನನ್ನ ಕೈಗೆ ಬಂತು,
ಮಡಚೂ ಫೋನು.
"ಗಿರಾಕಿಗೆ ಸೀರಿ ತೋರ್ಸಾಕ ಬೇಷ್ ಆಕ್ಕೈತಿ,
ದಿನಾ ಬಳಸು ವಿರೂಪಣ್ಣ" ಅಂದ್ರು ಪರಶುರಾಮಸಾ.
ಪಗಾರದಾಗ ತಿಂಗಳಾ ಎಂಟನೂರು ಹಿಡೀತೇನಿ ಅನ್ನೂದನ್ನ
ಆಮ್ಯಾಲ, ಚಾ ಕುಡಿಸಿ, ಹೇಳಿದ್ರು.

ಟಾಂಗಾಕೂಟದ ಈ ಅಂಗಡ್ಯಾಗ
ಇಪ್ಪತ್ತಾರು ವರ್ಷ ಮಡಚೂದ ನನ್ನ ಕೆಲಸ.
ಬಿಚ್ಚೂದು ಎಲ್ಲಾರಿಗೂ ಬರತೈತಿ.
ಬಾಯ್ಯಾರು ನಲವತ್ತು ಸೀರಿ ಬಿಚ್ಚಿಸಿ
"ಮತ್ತ ಬರತೇವ್ರಿ" ಅಂತ ಎದ್ದು ಹ್ವಾದ ಮ್ಯಾಲ
ಗಾದಿ ತುಂಬ ಉಳಿಯೂ ಆ ಬಣ್ಣದ ರಾಶಿಯನ್ನ
ಅಂಚಿಗೆ ಅಂಚು ಕೂಡಿಸಿ, ಸೆರಗು ಮ್ಯಾಲ ಬರೂ ಹಂಗ,
ಮೊದಲಿನ ಗಳಿಗಿಗೆ ತರಾವ
ನಾನು.

ಕಿಸೆದಾಗ ಇಟ್ಟರ ಎಲಿ ಅಡಿಕಿ ಚಂಚಿ ಹಂಗ ಉಬ್ಬತೈತಿ,
ಬಗ್ಗಿದರ ಅಂಗಿ ಜೋತು ಬೀಳತೈತಿ.
ಬಿಚ್ಚಿದರ ಹಾಳಿ, ಮುಚ್ಚಿದರ ಡಬ್ಬಿ.
ಸಾಲ ಕೇಳೂ ಅಳಿಯನ ಮೆಸೇಜು ಓದಿ
ಟಪ್ ಅಂತ ಮುಚ್ಚೂದರಾಗ
ಒಂದು ಸುಖಾ ಐತಿ, ಸುಳ್ಳು ಯಾಕ ಹೇಳ್ಲಿ.

ಆದ್ರ ನಡಕ ಒಂದು ಗೆರಿ.
ಎದುರಿಗೆ ಹಿಡದ್ರ ಕಾಣೂದಿಲ್ಲ,
ಸಂಜಿ ಬಿಸಲು ಬಾಗಲದಾಗಿಂದ ಅಡ್ಡ ಬಿದ್ದಾಗ ಕಾಣತೈತಿ,
ಹೆಬ್ಬೆರಳು ಹಾಯಿಸಿದ್ರ ಸಿಗತೈತಿ,
ಮಗ್ಗದಾಗ ಒಂದೆಳಿ ಸಡಲಾದಂಗ.
ಫೋಟೋ ನೋಡಿದ ಬಾಯ್ಯಾರೊಬ್ಬರು ಕೇಳಿದ್ರು,
"ಈ ಗೆರಿ ಸೀರಿದೋ, ಫೋನಿಂದೋ?"
ಫೋನಿಂದ್ರಿ, ಅಂದೆ.
ಅವರು ನಂಬಲಿಲ್ಲ.

ರೇಶ್ಮಿಗೆ ನಮ್ಮಲ್ಲಿ ಒಂದು ನೇಮ ಐತಿ.
ಮಾರಲಾರದ್ದನ್ನ ಮೂರು ತಿಂಗಳಿಗೊಮ್ಮೆ ಬಿಚ್ಚಬೇಕು,
ಗಾಳಿಗೆ ಹಿಡೀಬೇಕು,
ಹಳೇ ಗಳಿಗಿ ಬಿಟ್ಟು ಬ್ಯಾರೆ ಕಡೆ ಮಡಚಬೇಕು.
ಒಂದ ಜಾಗಾಕ್ಕ ಮಡಚಿದ ಜರಿ
ಅದ ಜಾಗಾಕ್ಕ ಸೀಳತೈತಿ.
ನಮ್ಮ ಮನ್ಯಾಕಿ ಧಾರಿ ಸೀರಿ ಹಂಗ ಹೋತು.
"ಒಳ್ಳೇ ಗಳಿಗಿ ಬರ್ಲಿ, ಉಟಗೋತೇನಿ" ಅಂತಿದ್ಲು.
ಟ್ರಂಕಿನಾಗ ಇಪ್ಪತ್ತೆರಡು ವರ್ಷ, ನುಸಿಗುಳಿಗಿ ಜೋಡಿ.
ಮಗಳ ಕುಬಸಕ್ಕ ತಗದ್ರ
ಗಳಿಗಿ ಗಳಿಗಿಗೂ ಸೀಳಿತ್ತು.
ಊರ ಮಂದಿ ಸೀರಿ ಮಡಚಾವ
ಅದನ್ನ ಒಮ್ಮೆಯೂ ಬಿಚ್ಚಿರಲಿಲ್ಲ.

ಈ ಫೋನಿನ ಗಳಿಗಿ ಬದಲಿಸಾಕ ಬರೂದಿಲ್ಲ,
ಹುಟ್ಟಿದಾಗ ಹಾಕಿದ ಒಂದ ಗೆರಿ.
ಎರಡು ಲಕ್ಷ ಸಲ ಮಡಚಿ ನೋಡ್ಯಾರಂತ, ಮಷೀನಿಗೆ ಹಚ್ಚಿ, ಎಣಿಸಿ.
ಮಾಲಕರ ಮಗಾ ಹೇಳಿದ.
ಮಿರ್ಚಿ ಅಂಗಡಿ ಮುಂದ ನಿಂತು
ಎಣ್ಣಿ ಬಟ್ಟು ಒರಸಿಕೊಂಡು
ಅದರಾಗ ನಾನೂ ಒಂದು ಲೆಕ್ಕಾ ಹಾಕಿದೆ:
ದಿನಕ್ಕ ನೂರಿಪ್ಪತ್ತು ಸೀರಿ,
ವರ್ಷಕ್ಕ ಮುನ್ನೂರು ದಿನ,
ಇಪ್ಪತ್ತಾರು ವರ್ಷ.
ಒಂಬತ್ತು ಲಕ್ಷದ ಮೂವತ್ತಾರು ಸಾವಿರ.
ಒಂದು ಸೀರಿಗೆ ಎಷ್ಟು ಮಡಿಕಿ ಅನ್ನೂದು ಬಿಟ್ಟ.
ಬಲಗೈ ಮಣಿಕಟ್ಟು ಹೊಳ್ಳಿಸಿ ನೋಡಿದೆ.
ಮುಂಜಾನೆದ್ದರ ಕಟ್ ಕಟ್ ಅಂತೈತಿ ಇದು.
ಇದನ್ನ ಯಾರೂ ಎಣಿಸಿರಲಿಲ್ಲ.
ಮಿರ್ಚಿ ಆರಿ ಹೋಗಿತ್ತು.

ಗದಗಿನ ಗಾಳಿ ನಿಮಗ ಗೊತ್ತಲ್ಲ,
ಆಷಾಢದಾಗ ಬಾಯಿ ತಗದ್ರ ಮಣ್ಣು.
ಮ್ಯಾಲ ಅಂಗಡಿ ನೂಲಿನ ಜುಂಜು,
ಎಲ್ಲಾ ಹೋಗಿ ಬಿಜಾಗ್ರಿಯಾಗ ಕುಂಡ್ರತೈತಿ.
ಮಗಳು ಬಿಟ್ಟು ಹ್ವಾದ ಪೌಡರ್ ಬ್ರಷ್ಷಿನಿಂದ
ರಾತ್ರಿ ಉಂಡು, ದೀಪದ ಬುಡಕ ಕುಂತು
ಮೆತ್ತಗ ಝಾಡಿಸ್ತೇನಿ.
ಮನ್ಯಾಕಿ ಅಡಗಿ ಮನಿಯಾಗಿಂದ ಅಂದ್ಲು,
"ನನ್ನ ಸೀರಿ ಒಮ್ಮೆ ಹಿಂಗ ಝಾಡಿಸಿದ್ರ ಉಳೀತಿತ್ತು."
ನಗತಾನ ಅಂದ್ಲು.
ಬ್ರಷ್ಷು ಕೈಯಾಗ ಹಂಗ ನಿಂತು ಬಿಟ್ತು.

ಮರುದಿನ ಯಾರೂ ಹೇಳಲಾರದ
ಮ್ಯಾಲಿನ ಕಪಾಟಿನ ಹದಿನಾರು ರೇಶ್ಮಿ ಕೆಳಗಿಳಿಸಿದೆ.
ಬಿಚ್ಚಿದೆ, ಝಾಡಿಸಿದೆ, ಬ್ಯಾರೆ ಕಡೆ ಮಡಚಿದೆ.
ಒಂದನ್ನ ಮಡಚಲಿಲ್ಲ,
ಬದನಿಕಾಯಿ ಬಣ್ಣದ್ದು, ಸಣ್ಣಂಚಿಂದು.
ಇದನ್ನೂ ಪಗಾರದಾಗ ಹಿಡೀರಿ, ಅಂದೆ.
"ಏನು ಕಾರ್ಯ ಐತೋ ವಿರೂಪಣ್ಣ, ಮನ್ಯಾಗ?"
ಏನಿಲ್ರಿ.
ನಾಳೆ ಕಾಯಿಪಲ್ಲೆ ತರೂದೈತಿ.