ಎಡಗಾಲಿಯ ಹಲ್ಲುಚಕ್ರ

ಅವಾಲಿಯ ಕ್ಲಬ್ಬಿನ ಹಿಂದೆ, ಮುರಿದ ಬೆಂಚುಗಳ ಅಡಿಯಲ್ಲಿ
ಮೂತಿ ಮರಳಿಗಿಟ್ಟು ಮಲಗಿತ್ತು
ಕಂಪನಿಯ ದೊರೆಗಳ ಕಾಲದ ಹುಲ್ಲು ಕತ್ತರಿಸುವ ಯಂತ್ರ.
ಸ್ಟೋರ್‌ಕೀಪರ್ ರಸೀದಿ ಹರಿದ: ಗುಜರಿ, ನಾಲ್ಕು ದಿನಾರ್.
ಪಡೆದವನು ಸಂಜೀವ ಮೂಲ್ಯ, ಫಿಟ್ಟರ್.

ಮೋಟಾರಿಲ್ಲ. ತಳ್ಳಿದರೆ ಹೋಗುವುದು, ಬಿಟ್ಟರೆ ನಿಲ್ಲುವುದು.
ಐದು ಅಲಗುಗಳು ಜಡೆಯ ಹಾಗೆ ತಿರುಚಿಕೊಂಡು
ಒಂದೇ ಅಚ್ಚಿನ ಸುತ್ತ.
ಕೆಳಗೆ ಅಲುಗದೆ ಕೂರಬೇಕಾದ ಅಡಿಯಲಗು ಇರಲಿಲ್ಲ,
ಮುಂದಿನ ಮರದ ರೋಲರ್ ಇರಲಿಲ್ಲ,
ಎಡಗಾಲಿಯೊಳಗೆ ಹಲ್ಲುಚಕ್ರವೇ ಇಲ್ಲ.
‘ಮತ್ತೆ ಇರುವುದೇನು ಮಾರಾಯ?’ ಅಂದ
ಕೋಣೆಯ ಜೊತೆಗಾರ ಮೊಯಿದಿನಬ್ಬ.
ಹಿಡಿ ಇದೆ, ಅಂದೆ.
ಹಿಡಿಯಲ್ಲಿ ಯಾರದೋ ಹೆಬ್ಬೆರಳು ಸವೆಸಿದ ಗುಳಿ ಇದೆ.

ಶುಕ್ರವಾರಗಳು ಹೋದವು.
ಸಲ್ಮಾಬಾದಿನ ಗ್ಯಾರೇಜುಗಳಲ್ಲಿ
ಟೊಯೋಟಾದ್ದಾದರೆ ಕಣ್ಣು ಮುಚ್ಚಿ ತೆಗೆದುಕೊಡುತ್ತಾರೆ;
ಇದರ ಚಿತ್ರ ತೋರಿಸಿದರೆ ಕೂರಿಸಿ ಚಾ ಕೊಡುತ್ತಾರೆ.

ಅಡಿಯಲಗು ಸಿಕ್ಕಿದ್ದು ಸಿತ್ರಾದ ಕಡಲಬದಿಯಲ್ಲಿ.
ದೋಣಿಯ ತಳಕ್ಕಂಟಿದ ಚಿಪ್ಪು ಕೆರೆಯುತ್ತಿದ್ದ ಅದರಲ್ಲಿ
ಹಾಜಿ ಮಕ್ಕಿ.
‘ಅಪ್ಪ ಕಂಪನಿಯ ತೋಟದಲ್ಲಿದ್ದ.
ಸಂಬಳದ ಬಾಕಿ ಇದು.’
ಸ್ಟೀಲಿನ ಪಟ್ಟಿಯೊಂದನ್ನು ಸಾಣೆ ಹಿಡಿದು ಬದಲಿಗೆ ಕೊಟ್ಟೆ.
ಮೂಸಿ ನೋಡಿದ. ತುಕ್ಕಿಲ್ಲ, ರುಚಿಯೂ ಇಲ್ಲ, ಅಂದ.
ಆದರೂ ಇಟ್ಟುಕೊಂಡ, ಚುಕ್ಕಾಣಿಯ ಒಂದು ತುಂಡು ಮರವನ್ನೂ ಸೇರಿಸಿ ಕೊಟ್ಟ.

ಅದೇ ತೇಗವನ್ನು ಲೇತಿಗೆ ಕಟ್ಟಿ ರೋಲರ್ ಕಡೆದೆ.
ಅಜ್ಜ ತಿರುಗಿಸಿದ್ದು ಹಸಿ ಮಣ್ಣು, ನನ್ನದು ಉಪ್ಪು ಕುಡಿದ ಮರ.
ತಿರುಗುವುದರ ಎದುರು ಕೈ ಸುಮ್ಮನಿರಬೇಕು,
ಅಷ್ಟು ಮಾತ್ರ ಒಂದೇ.

ಉಳಿದದ್ದು ಹಲ್ಲುಚಕ್ರ. ಹದಿಮೂರು ಹಲ್ಲು.
ಬಲಗಾಲಿಯದ್ದು ಎಡಕ್ಕೆ ಕೂರುವುದಿಲ್ಲ, ಚಪ್ಪಲಿಯ ಹಾಗೆ.
ವರ್ಕ್‌ಶಾಪಿನಲ್ಲಿ ಎರಡು ಸಲ ಮಾಡಿದೆ,
ಎರಡು ಸಲವೂ ಏಳನೆಯ ಹಲ್ಲು ಹೋಯಿತು.
ಕೈ ಬಿಟ್ಟೆ. ಮಂಚದಡಿಗೆ ತಳ್ಳಿದೆ.

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಮನಾಮಾಕ್ಕೆ ಹೋದವನು
ದರ್ಜಿ ಗುಲ್‌ಜಮಾನನ ಮೇಜಿನ ಮೇಲೆ
ಅಳತೆಯ ಚೀಟಿಗಳನ್ನು ಒತ್ತಿ ಕೂತದ್ದನ್ನು ನೋಡಿದೆ.
ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
‘ಅಂಗಡಿ ಹಿಡಿದಾಗಲೇ ಇತ್ತು. ಮಾರುವುದಿಲ್ಲ.
ಇದನ್ನು ಎತ್ತಿದರೆ ಫ್ಯಾನಿನ ಗಾಳಿಗೆ
ಅರ್ಧ ಊರಿನ ಸೊಂಟ ಹಾರಿಹೋಗುತ್ತದೆ.’
ಮೂರು ವಾರ ಬರಿಗೈ.
ನಾಲ್ಕನೆಯದಕ್ಕೆ ಹಿತ್ತಾಳೆಯ ಬುಶ್ ಒಂದನ್ನು
ಮುಖ ಕಾಣುವಷ್ಟು ಉಜ್ಜಿ ಒಯ್ದೆ.
ಅಂಗೈಯಲ್ಲಿ ತೂಗಿದ, ನನ್ನನ್ನೂ ತೂಗಿದ,
ಚೀಟಿಗಳ ಮೇಲೆ ಮೊಣಕೈಯೂರಿ, ತಗೋ ಅಂದ.

ಸಾಣೆಯ ಹಿಟ್ಟು ಸವರಿ ಹಿಂದುಮುಂದಾಗಿ ತಿರುಗಿಸಿ
ಅಲಗಿಗೆ ಅಲಗು ಪರಿಚಯ ಮಾಡಿಸಿದೆ.
ಪರೀಕ್ಷೆಗೆ ಕಾಗದ ಬೇಕು: ಹಳೆಯ ಪಾಳಿಯ ಪಟ್ಟಿ ಕೊಟ್ಟೆ.
ಸರಕ್.
ಭಾನುವಾರದಿಂದ ಗುರುವಾರದವರೆಗೆ ಒಂದೇ ಗೆರೆ.

ಹುಲ್ಲು? ಅದರ ಯೋಚನೆಯನ್ನೇ ಮಾಡಿರಲಿಲ್ಲ.
ಕ್ಯಾಂಪಿನ ಹಿಂಗೋಡೆಗೆ ಹನ್ನೆರಡು ಏಸಿಗಳು
ರಾತ್ರಿಯಿಡೀ ತೊಟ್ಟಿಕ್ಕುವಲ್ಲಿ
ಯಾರೂ ನೆಡದೆ ಎದ್ದ ಹಸಿರಿದೆ,
ಎರಡು ಚಾಪೆ ಹಾಸುವಷ್ಟು.

ಬೆಳಿಗ್ಗೆ ಐದಕ್ಕೆ ತಳ್ಳಿದೆ.
ಮುಂದಕ್ಕೆ ಕತ್ತರಿಯ ಸದ್ದು,
ಹಿಂದಕ್ಕೆ ಎಳೆದರೆ ಎರಡೂ ಗಾಲಿಗಳಿಂದ ಟಿಕ್ ಟಿಕ್ ಟಿಕ್.
ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಹೊರಬಂದ ಮೊಯಿದಿನಬ್ಬ
ಗಾಳಿಯನ್ನೊಮ್ಮೆ ಎಳೆದುಕೊಂಡು
ನೊರೆ ಉಗುಳಿ ಕೈ ಚಾಚಿದ: ಕೊಡು ಇಲ್ಲಿ.
ಅವನ ಹೆಬ್ಬೆರಳು ತಾನೇ ಗುಳಿ ಹುಡುಕಿಕೊಂಡಿತು.
ಆರು ಹೆಜ್ಜೆಗೆ ಹುಲ್ಲು ಮುಗಿಯಿತು.
ಅವನು ಮುಗಿಸಲಿಲ್ಲ, ಮರಳಿನ ಮೇಲೂ ಸ್ವಲ್ಪ ದೂರ ಹೋದ.

ಒಂಬತ್ತಕ್ಕೆ ಗುಲ್‌ಜಮಾನನ ಫೋನು:
ನಿನ್ನ ಹಿತ್ತಾಳೆ ನೋಡಲು ಚೆಂದ. ಉರುಳಿ ಬೀಳುತ್ತದೆ.
ಹಲ್ಲಿರುವುದು ಏನಾದರೂ ಇದ್ದರೆ ತಾ.