ಒಕ್ಕಲು

ದುರ್ಗಿಗುಡಿಯ ಕೊನೆಯ ಷಟರ್ ಇಳಿದ ಮೇಲೆ
ಹಳೆಯದನ್ನು ಅಳಿಸಿದೆ.
ಹದಿಮೂರು ವರ್ಷ. ಒಂದೇ ಪ್ರಶ್ನೆ ಕೇಳಿತು: ಖಚಿತವೇ?
ಹೌದೆಂದು ಒತ್ತಿದ್ದು
ಎಂಜಲು ಹಚ್ಚಿ ಹಾಳೆ ಎಣಿಸುವ ಬೆರಳೇ;
ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ಡೆಬಿಯನ್ನಿನ ಮೇಲೆ ನನಗೆ ಸಿಟ್ಟಿಲ್ಲ.
ಅದರ ಸೀಡಿಯನ್ನು ಹಳೆ ಪ್ರಶ್ನೆಪತ್ರಿಕೆಯಲ್ಲಿ ಸುತ್ತಿ ತಂದವರು
ಪಾಲಿಟೆಕ್ನಿಕ್ಕಿನ ಹಾಲೇಶಪ್ಪ ಮೇಷ್ಟ್ರು.
"ಕಾಸು ಕೊಡೋದೂ ಬೇಡ ಸುಗುಣಾ, ಕದಿಯೋದೂ ಬೇಡ."
ಕದ್ದ ಕಿಟಕಿಯಲ್ಲೇ ಇಣುಕುತ್ತಿದ್ದ ನನ್ನ ಅಂಗಡಿಗೆ
ಅವತ್ತು ಸ್ವಂತ ಬಾಗಿಲು ಬಂತು.

ಆಮೇಲೆ ಯಾವಾಗಲೋ
ಒಳಗೊಬ್ಬ ಯಜಮಾನ ಸೇರಿಕೊಂಡ.
ಎಬ್ಬಿಸುವವನೂ ಅವನೇ, ಮಲಗಿಸುವವನೂ ಅವನೇ,
ದಿನಚರಿ ಬರೆಯುವವನೂ ಅವನೇ,
ಅವನನ್ನೇ ಕೇಳಿ ಓದಿಸಬೇಕಾದ ಲಿಪಿಯಲ್ಲಿ.
ಬೀಗದ ಕೈ ಗೊಂಚಲು ಪೂರಾ ಅವನ ಸೊಂಟಕ್ಕೆ.
ಕೆಟ್ಟವನಲ್ಲ, ಕೆಲಸಗಾರ.
ನನಗೇ ಒಗ್ಗಲಿಲ್ಲ.
ಹೀಗೂ ಮನೆ ಬಿಡುತ್ತಾರೆ ಜನ, ಜಗಳವಿಲ್ಲದೆ.

"ಅದೂ ಪುಕ್ಕಟೆ, ಇದೂ ಪುಕ್ಕಟೆ,
ಮತ್ತೆ ರಾತ್ರಿಯಿಡೀ ಯಾಕಕ್ಕಾ?"
ಬೈಂಡಿಂಗಿನ ರಝಾಕ್, ದಬ್ಬಳಕ್ಕೆ ದಾರ ಪೋಣಿಸುತ್ತ.

ಯಾಕೆಂದರೆ ಡಿಸ್ಕಿಗೇ ಹೆಸರು ಬದಲಾಗಿತ್ತು.
ವೈಫೈ ನನ್ನ ಗುರುತೇ ಇಲ್ಲವೆಂದಿತು;
ಫೋನಿಗೆ ವೈರು ಕಟ್ಟಿ ಕೈಗಡ ತಂದೆ ಇಂಟರ್ನೆಟ್ಟು.
ಹೊಸ ಮನೆಗೆ ಹಾಲುಕ್ಕಿಸಲಿಲ್ಲ,
ಫ್ಲಾಸ್ಕಿನ ಟೀ ಚೆಲ್ಲಿತು, ಅಷ್ಟೇ.

"ಈ ಕೋಡಿನ ಕೆಂಪು ಬೊಂಬೆ ಯಾರದು?"
ಫ್ರೀಬಿಎಸ್‌ಡಿಯದು. ಡೀಮನ್ ಅಂತಾರೆ.
"ದೆವ್ವಾನಾ?"
ಅಲ್ಲ ಮಾರಾಯ, ಚೌಡಿ ಅಂತಿಟ್ಟುಕೋ.
ಬನದ ಅಂಚಿಗೆ ಕಲ್ಲಾಗಿ ಕೂತು
ಕಾಣದೆ ಕಾಯುವುದು. ಹೆಸರು ಹಿಡಿದು ಕರೆದರೆ ಏಳುವುದು.
ಕರೆಯಲಿಕ್ಕೆ ಇಲ್ಲಿ ಒಂದೇ ಕಡತ,
ಹಾಜರಿ ಪುಸ್ತಕದ ಹಾಗೆ:
ಯಾರು ಏಳಬೇಕೋ ಅವರ ಹೆಸರು, ಎದುರಿಗೆ ಯೆಸ್.
ಕೈಯಾರೆ ಬರೆದೆ. ಮುದ್ರಣದ ಚೌಡಿ ಎದ್ದಳು;
ಮೂಲೆಯ ಪ್ರಿಂಟರು ಗಂಟಲು ಸರಿ ಮಾಡಿಕೊಂಡಿತು.
"ಸದ್ಯ, ಕೋಳಿ ಕೇಳಲಿಲ್ಲ," ಅಂದ ರಝಾಕ್.

ಮೂರೂವರೆಗೆ ಸೊಸೈಟಿಯ ವಾರ್ಷಿಕ ವರದಿ ತೆರೆದೆ.
ಬರೀ ಚೌಕ, ಚೌಕ, ಚೌಕ.
ಫಾಂಟು ಇಳಿಸಿದೆ. ಅಕ್ಷರ ಬಂದವು, ಬಿಡಿ ಬಿಡಿ:
ಕಾರ್‌ಯದರ್‌ಶಿ.
ರಕಾರ ತಲೆಗೆ ಕೊಂಬು ಹೊತ್ತು ಸಾಲಿನ ನಡುವೆಯೇ ನಿಂತಿದೆ,
ಅರ್ಕಾವತ್ತಾಗಿ ಪಕ್ಕಕ್ಕೆ ಸರಿಯಲೊಲ್ಲದು.
ಬೆಳಿಗ್ಗೆ ಹತ್ತಕ್ಕೆ ಇನ್ನೂರು ಪ್ರತಿ ಕೊಡಬೇಕು.
ಒಂದು ಕ್ಷಣ, ಸುಳ್ಳೇಕೆ ಹೇಳಲಿ,
ಆ ಯಜಮಾನ ನೆನಪಾದ.

ಎಂಟಕ್ಕೆ ಬಂದರು ಹಾಲೇಶಪ್ಪ ಮೇಷ್ಟ್ರು,
ಲ್ಯಾಬ್ ರೆಕಾರ್ಡಿನ ರಟ್ಟು ಕೇಳಿಕೊಂಡು.
ರೂಢಿಯಂತೆ ಕುರ್ಚಿ ಎಳೆದು,
ರೂಢಿಯಂತೆ ಬೆರಳೋಡಿಸಿದರು.
ಏಪ್ಟ್: ಸಿಗಲಿಲ್ಲ.
ಮತ್ತೊಮ್ಮೆ ಒತ್ತಿದರು, ನಿಧಾನವಾಗಿ,
ತಪ್ಪು ತಮ್ಮದೇ ಎಂಬಂತೆ.
ನಾನು ಗೋಂದಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದೆ.

"ಯಾವಾಗ?"
ನಿನ್ನೆ ರಾತ್ರಿ, ಸಾರ್.
"ಒಂದು ಮಾತು ಹೇಳಬಹುದಿತ್ತು."
ಹೊರಗೆ ಭದ್ರಾವತಿ ಬಸ್ಸಿನ ಹಾರನ್ನು
ಮುಗಿಯುವ ತನಕ ಇಬ್ಬರೂ ಸುಮ್ಮನಿದ್ದೆವು.

ಆಮೇಲೆ ಕನ್ನಡಕ ಒರೆಸಿಕೊಂಡು
"ಇದರ ಕೈಪಿಡಿ ಚೆನ್ನಾಗಿದೆಯಂತೆ" ಅಂದರು,
ಓದತೊಡಗಿದರು,
ಗೈಡು ಕಾಣದ ಹುಡುಗ ಟೆಕ್ಸ್ಟ್‌ಬುಕ್ ಓದುವಂತೆ,
ಸಾಲು ಬಿಡದೆ.
ಒಂಬತ್ತೂಕಾಲಿಗೆ ಯಾವುದೋ ಪೊಟ್ಟಣ ತರಿಸಿ
ಯಾವುದೋ ಕಡತದಲ್ಲಿ ಎರಡು ಸಾಲು ತಿದ್ದಿದರು.
ರಕಾರ ಎದ್ದು ಜಾಗ ಬಿಟ್ಟಿತು:
ಕಾರ್ಯದರ್ಶಿ.

ಪ್ರಿಂಟರು ನಲವತ್ತು ದಾಟಿದಾಗ ಕೇಳಿದರು:
"ಸೀಡಿ ಇದೆಯಾ?"
ಈಗೆಲ್ಲಿ ಸೀಡಿ ಸಾರ್, ಪೆನ್‌ಡ್ರೈವು.
ರಾತ್ರಿ ಕೆಟ್ಟ ಪ್ರತಿಯ ಒಂದು ಹಾಳೆ,
ಅಕ್ಷರ ಒಡೆದದ್ದೇ, ಸುತ್ತಿ ಕೊಟ್ಟೆ.

ಜೇಬಿಗಿಳಿಸಿ ಮೆಟ್ಟಿಲಿಳಿಯುತ್ತ
ತಿರುಗಿ ಅಂದರು:
"ನೋಡ್ತೀನಿ ಅಷ್ಟೇ. ಹಾಕೋದಿಲ್ಲ."